ಹಾಜರಿ

ಶಾಲೆಯ ಮಕ್ಕಳು ನನಗೆ ಇಟ್ಟಿರುವ ಅಡ್ಡಹೆಸರು ‘ಹಿಟ್ಲರ್ ಟೀಚರ್’ ಎಂದು ಗೊತ್ತಾಗಿ ಹದಿನೈದು ವರ್ಷವಾದರೂ ಆಗಿರಬೇಕು. ಹಿತ್ತಲ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದಿದ್ದರು. ಬಿಸಿಯೂಟದ ಅಡುಗೆಯಾಕೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ಹೇಳಿದಳು. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬರಲಿಲ್ಲ. ಒಳಗೊಳಗೆ ಒಂದು ಸಣ್ಣ ಹೆಮ್ಮೆಯೇ ಆಯಿತು. ನಾನು ತರಗತಿಗೆ ಕಾಲಿಟ್ಟರೆ ಸೂಜಿ ಬಿದ್ದ ಸದ್ದೂ ಕೇಳುತ್ತದೆ ಎಂಬ ಹೆಮ್ಮೆ. ಸ್ಟಾಫ್ ರೂಮಿನಲ್ಲೂ ಈ ಮಾತು ಆಗಾಗ ಬರುತ್ತದೆ. ಬಸ್ಸು ತಡವಾದರೆ, ರಸ್ತೆ ಕೆಟ್ಟರೆ, ಕಚೇರಿಯಲ್ಲಿ ಫೈಲು ಮುಂದಕ್ಕೆ ಹೋಗದಿದ್ದರೆ, ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕ್ರಿ’ ಎಂದು ಯಾರಾದರೊಬ್ಬರು ಚಹಾ ಹೀರುತ್ತ ಅನ್ನುತ್ತಾರೆ. ಉಳಿದವರು ಹೌದೆಂದು ತಲೆಯಾಡಿಸುತ್ತಾರೆ. ನಾನೂ ಆಡಿಸಿದ್ದೇನೆ. ನೀವೂ ಕೇಳಿರುತ್ತೀರಿ, ಇದೇನು ನಮ್ಮ ಊರಿನದೊಂದೇ ಮಾತಲ್ಲ.

ಹತ್ತನೇ ತರಗತಿಗೆ ಎರಡನೇ ಮಹಾಯುದ್ಧವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಕಾರಣಗಳು, ಪರಿಣಾಮಗಳು, ಇಸವಿಗಳು. ಯಹೂದಿಗಳ ಹತ್ಯೆ ಎಂಬುದಕ್ಕೆ ಒಂದು ಸಾಲು, ಹೆಚ್ಚೆಂದರೆ ಎರಡು. ಅರವತ್ತು ಲಕ್ಷ ಎಂದು ಕರಿಹಲಗೆಯ ಮೇಲೆ ಬರೆದು, ಅಡಿಗೆರೆ ಎಳೆದು, ‘ಇದು ಒಂದು ಅಂಕದ ಪ್ರಶ್ನೆಗೆ ಬರಬಹುದು’ ಎಂದು ಮುಂದಕ್ಕೆ ಹೋಗುತ್ತಿದ್ದೆ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು, ಓದಿದ್ದೂ ಅಷ್ಟೇ ಸಾಲು.

ಪ್ರೀಮೊ ಲೆವಿಯ ಪುಸ್ತಕ ನನ್ನ ಕೈಗೆ ಬಂದದ್ದು 2021ರ ಮಳೆಗಾಲದಲ್ಲಿ. ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗಳು ಬಿಟ್ಟುಹೋದದ್ದು. ಶಾಲೆ ಮುಚ್ಚಿತ್ತು, ಮನೆಯವರು ಆಸ್ಪತ್ರೆಯಿಂದ ಬಂದು ಮಲಗಿದ್ದರು, ಅವರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ನನ್ನ ಕೆಲಸ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ದಿನಕ್ಕೆ ಹತ್ತು ಪುಟದಂತೆ ಓದಿದೆ. ಸ್ಟುವರ್ಟ್ ವೂಲ್ಫ್ ಎಂಬವರು 1959ರಲ್ಲಿ ಇಟಾಲಿಯನ್ನಿನಿಂದ ಮಾಡಿದ ಅನುವಾದ ಅದು. ನಿಧಾನವಾಗಿ ಓದಿದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ.

ಲೆವಿ ಇಟಲಿಯ ಟ್ಯೂರಿನ್ ಊರಿನವನು, 1919ರಲ್ಲಿ ಹುಟ್ಟಿದವನು, ರಸಾಯನಶಾಸ್ತ್ರ ಓದಿದವನು. ಯಹೂದಿ. 1943ರ ಡಿಸೆಂಬರಿನಲ್ಲಿ ಬೆಟ್ಟದಲ್ಲಿ ಅವಿತಿದ್ದ ಒಂದು ಪುಟ್ಟ ಬಂಡಾಯಗಾರರ ಗುಂಪಿನೊಡನೆ ಸಿಕ್ಕಿಬಿದ್ದ. ಅವನನ್ನು ಫೊಸ್ಸೊಲಿ ಎಂಬಲ್ಲಿದ್ದ ಶಿಬಿರಕ್ಕೆ ಹಾಕಿದರು. 1944ರ ಫೆಬ್ರವರಿ 22ರಂದು ಅಲ್ಲಿಂದ 650 ಜನರನ್ನು ಹನ್ನೆರಡು ಗೂಡ್ಸ್ ಡಬ್ಬಿಗಳಲ್ಲಿ ತುಂಬಿ ಪೋಲೆಂಡಿನ ಆಶ್ವಿಟ್ಸ್‌ಗೆ ಕಳಿಸಿದರು. ಹೊರಡುವ ಮೊದಲು ಜರ್ಮನರು ಹಾಜರಿ ತೆಗೆದುಕೊಂಡರು. ಎಣಿಸಿದ್ದು ಜನ ಎಂದಲ್ಲ, ತುಂಡು ಎಂದು. ನಾವು ಬಸ್ಸಿನ ಮೇಲೆ ಲಗೇಜು ಹಾಕುವಾಗ ‘ಎಷ್ಟು ನಗ?’ ಅನ್ನುತ್ತೇವಲ್ಲ, ಹಾಗೆ. 650 ನಗ, ಎಲ್ಲ ಸರಿಯಾಗಿದೆ.

ನಾನು ಪುಸ್ತಕ ಮುಚ್ಚಿಟ್ಟ ಮೊದಲನೆಯ ಜಾಗ ಅದು. ಇಪ್ಪತ್ತೆಂಟು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ನಾನು ಮಾಡುವ ಮೊದಲ ಕೆಲಸ ಹಾಜರಿ. ಹೆಸರು ಕೂಗಿದರೆ ತಡವಾಗುತ್ತದೆ ಎಂದು ನಂಬರು ಕೂಗುತ್ತೇನೆ. ಹದಿನೇಳು? ಎಸ್ ಟೀಚರ್. ಹದಿನೆಂಟು? ಎಸ್ ಟೀಚರ್. ಶಾಲೆಯನ್ನು ಆಶ್ವಿಟ್ಸ್ ಜತೆ ಹೋಲಿಸುವಷ್ಟು ತಲೆಕೆಟ್ಟವಳಲ್ಲ ನಾನು, ಹಾಗೆ ಹೋಲಿಸುವವರನ್ನು ಕಂಡರೂ ನನಗಾಗದು. ಆದರೆ ಓದುವವಳಿಗೆ ತನ್ನ ಬದುಕಿನ ಮೂಲಕವಲ್ಲದೆ ಬೇರೆ ದಾರಿ ಎಲ್ಲಿದೆ? ಲೆವಿಗೆ ಅಲ್ಲಿ ಎಡತೋಳಿನ ಮೇಲೆ ಹಚ್ಚೆ ಹೊಯ್ದ ಸಂಖ್ಯೆ 174517. ಬ್ರೆಡ್ಡು, ಸೂಪು ಸಿಗಬೇಕಾದರೆ ಅದನ್ನು ತೋರಿಸಬೇಕಿತ್ತು. ದಿನವೂ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದರು. ಲೆಕ್ಕ ತಾಳೆಯಾಗುವವರೆಗೆ, ಎಷ್ಟು ಹೊತ್ತಾದರೂ, ಹಿಮವಿರಲಿ ಮಳೆಯಿರಲಿ, ನಿಂತಿರಬೇಕು.

‘ಶಿಬಿರ’ ಎಂಬ ಪದದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಶಾಲೆ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ. ನಮ್ಮಲ್ಲಿ ಕ್ಯಾಂಪು ಎಂದರೆ ಊರು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ಭತ್ತದ ಗದ್ದೆಗಳ ನಡುವೆ ಕಟ್ಟಿಕೊಂಡ ಊರುಗಳಿಗೆಲ್ಲ ಕ್ಯಾಂಪು ಎಂದೇ ಹೆಸರು. ನನ್ನ ಅರ್ಧ ವಿದ್ಯಾರ್ಥಿಗಳು ಕ್ಯಾಂಪಿನವರು, ಹೊಟ್ಟೆ ತುಂಬ ಅನ್ನ ಉಣ್ಣುವವರು. ಇನ್ನು ಕಣ್ಣಿನ ಕ್ಯಾಂಪು, ಸ್ಕೌಟ್ ಕ್ಯಾಂಪು ಬೇರೆ. ಅದಕ್ಕೇ ‘ಕಾನ್ಸನ್‌ಟ್ರೇಷನ್ ಕ್ಯಾಂಪ್’ ಎಂದು ಪಾಠ ಮಾಡುವಾಗ ಮಕ್ಕಳ ಮುಖದಲ್ಲಿ ಏನೂ ಆಗುವುದಿಲ್ಲ. ‘ಯಾತನಾ ಶಿಬಿರ’ ಎಂದು ಕನ್ನಡ ಮಾಡಿದರೂ ಅಷ್ಟೆ, ಪುರಾಣದ ನರಕದಂತೆ ಕೇಳಿಸುತ್ತದೆ, ಎಣ್ಣೆಯ ಕೊಪ್ಪರಿಗೆ ನೆನಪಾಗುತ್ತದೆ. ನರಕದಲ್ಲಿ ಪಾಪ ಮಾಡಿದವರು ಇರುತ್ತಾರೆ. ಇಲ್ಲಿ ಇದ್ದವರು ಏನೂ ಮಾಡಿರಲಿಲ್ಲ. ಲೆವಿಯೇ ಒಂದು ಕಡೆ ಪದಗಳ ಬಗ್ಗೆ ಯೋಚಿಸುತ್ತಾನೆ. ಹಸಿವು, ಚಳಿ, ದಣಿವು ಎಂಬ ಮಾತುಗಳು ಮನೆಯಲ್ಲಿ ಬದುಕುವ ಸ್ವತಂತ್ರ ಜನ ಮಾಡಿಕೊಂಡವು, ಅಲ್ಲಿದ್ದುದಕ್ಕೆ ಅವು ಸಾಲುವುದಿಲ್ಲ ಎಂಬುದು ಅವನ ಅಭಿಪ್ರಾಯ.

ಆದರೂ ಅವನು ಹೊಸ ಪದ ಹುಡುಕುತ್ತ ಕೂರುವುದಿಲ್ಲ, ಕೂಗಾಡುವುದಿಲ್ಲ. ಅವನ ದೊಡ್ಡಸ್ತಿಕೆ ನನಗೆ ಕಂಡದ್ದು ಅಲ್ಲಿಯೇ. ಲ್ಯಾಬಿನಲ್ಲಿ ಪ್ರಯೋಗದ ವರದಿ ಬರೆಯುವವನ ಹಾಗೆ ಬರೆಯುತ್ತಾನೆ. ಸೂಪಿನ ಸಾಲಿನಲ್ಲಿ ಎಲ್ಲಿ ನಿಂತರೆ ಹಂಡೆಯ ತಳದ ಗಟ್ಟಿ ಭಾಗ ಸಿಗುತ್ತದೆ, ಶೂ ಕಾಲಿಗೆ ಹೊಂದದಿದ್ದರೆ ಹೇಗೆ ಹುಣ್ಣಾಗಿ ಅದೇ ಸಾವಿನ ಆರಂಭವಾಗುತ್ತದೆ, ಮಲಗುವಾಗ ಸಾಮಾನನ್ನು ತಲೆಯ ಕೆಳಗೆ ಯಾಕೆ ಇಟ್ಟುಕೊಳ್ಳಬೇಕು, ಇಂಥವು. ಸಾರಿನ ತಳದ ಹೋಳಿನ ಲೆಕ್ಕ ನಮ್ಮ ಬಿಸಿಯೂಟದ ಮಕ್ಕಳಿಗೂ ಗೊತ್ತು, ಅವರು ನಗುತ್ತ ಮಾಡುತ್ತಾರೆ. ಲೆವಿ 1986ರಲ್ಲಿ ಬರೆದ ಕೊನೆಯ ಪುಸ್ತಕವನ್ನೂ ಆಮೇಲೆ ತರಿಸಿ ಓದಿದೆ. ಅದರಲ್ಲಿ ಚಮಚದ ವಿಷಯ ಬರುತ್ತದೆ. ಶಿಬಿರಕ್ಕೆ ಬಂದವರಿಗೆ ಸೂಪು ಕುಡಿಯಲು ಚಮಚ ಕೊಡುತ್ತಿರಲಿಲ್ಲ. ಬ್ರೆಡ್ಡು ಕೊಟ್ಟು ಕೊಳ್ಳಬೇಕು, ಇಲ್ಲವೇ ನಾಯಿಯಂತೆ ನೆಕ್ಕಬೇಕು. ಕೊನೆಗೆ ಜರ್ಮನರು ಬಿಟ್ಟು ಓಡಿದ ಮೇಲೆ ನೋಡಿದರೆ ಉಗ್ರಾಣದಲ್ಲಿ ಸಾವಿರಾರು ಹೊಸ ಚಮಚಗಳಿದ್ದವಂತೆ. ಗ್ಯಾಸ್ ಕೋಣೆಯ ಬಗ್ಗೆ ಓದಿದಾಗ ಬಾರದ ಸಿಟ್ಟು ನನಗೆ ಈ ಚಮಚದಿಂದ ಬಂತು. ಯಾಕೆ ಎಂದು ಕೇಳಿದರೆ ಹೇಳಲಾರೆ. ಕೊಲ್ಲುವುದಕ್ಕೆ ಅವರ ಮಟ್ಟಿಗೆ ಒಂದು ಉದ್ದೇಶವಾದರೂ ಇತ್ತು, ಇದಕ್ಕೆ ಏನಿತ್ತು?

‘ಯಾಕೆ’ ಎಂದಾಗ ಇನ್ನೊಂದು ನೆನಪಾಗುತ್ತದೆ. ಹೋದ ಮೊದಲ ದಿನವೇ ಬಾಯಾರಿ ಕಿಟಕಿಯ ಹೊರಗೆ ತೂಗುತ್ತಿದ್ದ ಮಂಜುಗಡ್ಡೆಯ ಕಡ್ಡಿಯೊಂದನ್ನು ಲೆವಿ ಮುರಿದುಕೊಳ್ಳುತ್ತಾನೆ. ಕಾವಲಿನವನು ಅದನ್ನು ಕಿತ್ತೆಸೆಯುತ್ತಾನೆ. ಯಾಕೆ ಎಂದು ಕೇಳಿದರೆ, ಆ ಪ್ರಶ್ನೆಗೇ ಅಲ್ಲಿ ಜಾಗವಿಲ್ಲ ಎಂಬ ಅರ್ಥದ ಉತ್ತರ ಸಿಗುತ್ತದೆ. ಈ ಪ್ರಸಂಗ ಓದಿದ ರಾತ್ರಿ, ನಾನು ಎಷ್ಟು ಮಕ್ಕಳಿಗೆ ‘ಯಾಕೆ ಗೀಕೆ ಎಲ್ಲ ಕೇಳಬೇಡ, ಹೇಳಿದಷ್ಟು ಬರಿ’ ಅಂದಿದ್ದೇನೆ ಎಂದು ಎಣಿಸಲು ಹೋಗಿ ಬಿಟ್ಟೆ.

ಪುಸ್ತಕದ ಇಟಾಲಿಯನ್ ಹೆಸರಿನ ಅರ್ಥ ‘ಇವನು ಮನುಷ್ಯನಾದರೆ’ ಎಂದು. ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ, ಮುಂದಿನದನ್ನು ಓದುವವರು ಹೇಳಬೇಕು. ಅಮೆರಿಕದಲ್ಲಿ ಇದೇ ಪುಸ್ತಕವನ್ನು ‘ಆಶ್ವಿಟ್ಸ್‌ನಲ್ಲಿ ಬದುಕುಳಿದದ್ದು’ ಎಂಬರ್ಥದ ಹೆಸರಿಟ್ಟು ಮಾರಿದರು. ಇದು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ. ಪ್ರಶ್ನೆಯಾಗಿದ್ದುದನ್ನು ಗೆಲುವಿನ ಕಥೆ ಮಾಡಿಬಿಟ್ಟರು. ನಮ್ಮಲ್ಲೂ ಇಂಥ ಆಸೆ ಇದೆ. ಬೆಂಕಿಗೆ ಹಾಕಿದರೆ ಚಿನ್ನ ಪುಟಗೊಳ್ಳುತ್ತದೆ, ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂದು ಪ್ರಬಂಧ ಬರೆಸುತ್ತೇವೆ, ನಾನೇ ನೂರಾರು ಬರೆಸಿದ್ದೇನೆ. ಲೆವಿಯ ಪುಸ್ತಕದಲ್ಲಿ ಕಷ್ಟ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ಬ್ರೆಡ್ಡು ಕದಿಯುತ್ತಾರೆ, ಪಕ್ಕದವನು ಸತ್ತರೆ ಅವನ ಪಾಲು ಯಾರಿಗೆ ಎಂದು ನೋಡುತ್ತಾರೆ. ಅವನು ಉಳಿದದ್ದೂ ಪುಣ್ಯದಿಂದಲ್ಲ, ಧೈರ್ಯದಿಂದಲ್ಲ. ಮೊನೊವಿಟ್ಸ್‌ನಲ್ಲಿ ಐ.ಜಿ. ಫಾರ್ಬೆನ್ ಕಂಪನಿ ಕಟ್ಟುತ್ತಿದ್ದ ರಬ್ಬರ್ ಕಾರ್ಖಾನೆಗೆ ರಸಾಯನಶಾಸ್ತ್ರ ಬಲ್ಲವರು ಬೇಕಾಗಿದ್ದರು, ಅದು ಒಂದು. ಆ ಕಾರ್ಖಾನೆಯಿಂದ ಕೊನೆಯವರೆಗೂ ರಬ್ಬರ್ ಹೊರಬರಲಿಲ್ಲ ಎಂಬುದು ಬೇರೆ ಮಾತು. ಲೊರೆಂಜೊ ಎಂಬ ಗಾರೆಯವನು ಸಿಕ್ಕಿದ, ಅದು ಎರಡು. 1945ರ ಜನವರಿಯಲ್ಲಿ ಸ್ಕಾರ್ಲೆಟ್ ಜ್ವರ ಬಂದು ಆಸ್ಪತ್ರೆ ಗುಡಿಸಲಿನಲ್ಲಿ ಮಲಗಿದ, ಅದು ಮೂರು. ಗಟ್ಟಿಯಾಗಿದ್ದವರನ್ನೆಲ್ಲ ಜರ್ಮನರು ಹಿಮದಲ್ಲಿ ನಡೆಸಿಕೊಂಡು ಹೋದರು. ಅವನ ಜೀವದ ಗೆಳೆಯ ಆಲ್ಬೆರ್ತೊ ಆರೋಗ್ಯವಾಗಿದ್ದ, ಹೋದ, ತಿರುಗಿ ಬರಲಿಲ್ಲ. ಕಾಯಿಲೆ ಬಿದ್ದವನು ಉಳಿದ. ಜನವರಿ 27ಕ್ಕೆ ರಷ್ಯನ್ನರು ಬಂದರು. ಇದರಿಂದ ಯಾವ ನೀತಿಪಾಠ ತೆಗೆಯುತ್ತೀರಿ?

ಲೊರೆಂಜೊ ಪೆರೊನೆ ಇಟಲಿಯ ಫೊಸ್ಸಾನೊ ಊರಿನವನು, ಕೈದಿಯಲ್ಲ, ಕೂಲಿಗೆಂದು ಬಂದಿದ್ದ ಕೆಲಸಗಾರ. ಆರು ತಿಂಗಳು ದಿನವೂ ಲೆವಿಗೆ ತನ್ನ ಪಾಲಿನಲ್ಲಿ ಉಳಿದದ್ದನ್ನು ತಂದುಕೊಟ್ಟ. ಒಂದು ಹಳೆಯ ಅಂಗಿ ಕೊಟ್ಟ. ಅವನ ಪರವಾಗಿ ಊರಿಗೆ ಕಾರ್ಡು ಬರೆದ. ಏನನ್ನೂ ಕೇಳಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಸುಂದರ ಕಥೆ. ಆದರೆ ಊರಿಗೆ ಮರಳಿದ ಮೇಲೆ ಲೊರೆಂಜೊ ಕುಡಿತಕ್ಕೆ ಬಿದ್ದು 1952ರಲ್ಲಿ ತೀರಿಕೊಂಡ. ಸೆರೆಯಲ್ಲಿದ್ದವನು ಬದುಕಿದ, ಅನ್ನ ಕೊಟ್ಟವನಿಗೆ ಬದುಕು ಬೇಡವಾಯಿತು. ಲೆವಿ ತನ್ನ ಇಬ್ಬರು ಮಕ್ಕಳ ಹೆಸರಿನಲ್ಲೂ ಅವನ ಹೆಸರನ್ನು ಸೇರಿಸಿದ.

ಪುಸ್ತಕದಲ್ಲಿ ನನಗೆ ಕೊರತೆ ಎನಿಸಿದ್ದು ಹೆಂಗಸರು. ರೈಲು ಇಳಿದ ಕೂಡಲೆ ಆ 650 ಜನರಲ್ಲಿ 96 ಗಂಡಸರನ್ನೂ 29 ಹೆಂಗಸರನ್ನೂ ದುಡಿಯಲು ಆರಿಸಿದರು, ಉಳಿದವರಲ್ಲಿ ಒಬ್ಬರೂ ಎರಡು ದಿನಕ್ಕೆ ಜೀವಂತವಿರಲಿಲ್ಲ. ಸತ್ತವರು ಹಾಗಿರಲಿ, ಆ 29 ಜನ ಹೆಂಗಸರೂ ಕತ್ತಲೆಯಲ್ಲಿ ಕರಗಿಹೋಗುತ್ತಾರೆ. ಅವರ ಶಿಬಿರ ಬೇರೆ ಇತ್ತು, ಅವನು ಕಾಣಲಿಲ್ಲ, ಕಾಣದ್ದನ್ನು ಬರೆಯಲಿಲ್ಲ. ಪ್ರಾಮಾಣಿಕತೆ ಸರಿ, ಆದರೆ ಓದುವ ಹೆಂಗಸಿಗೆ ಬಾಗಿಲು ಮುಖಕ್ಕೆ ಬಡಿದಂತಾಗುತ್ತದೆ. 1943ರಲ್ಲಿ ಫ್ರಾನ್ಸಿನಿಂದ 230 ಜನ ಹೆಂಗಸರನ್ನು ಒಂದೇ ರೈಲಿನಲ್ಲಿ ಅಲ್ಲಿಗೆ ಕಳಿಸಿದ್ದರು, ಅವರಲ್ಲಿ ಮರಳಿದವರು 49. ಆ 49ರಲ್ಲಿ ಒಬ್ಬಳಾದ ಶಾರ್ಲೊಟ್ ಡೆಲ್ಬೊ ಬರೆದಿದ್ದಾಳೆ. ಅದನ್ನು ಓದುವ ಮನಸ್ಸಿದೆ.

ಈಗ ಈ ಬರಹಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ. 1944ರ ಅಕ್ಟೋಬರಿನಲ್ಲಿ ಶಿಬಿರದಲ್ಲಿ ‘ಆಯ್ಕೆ’ ನಡೆಯುತ್ತದೆ. ಬೆತ್ತಲೆ ನಿಲ್ಲಿಸಿದ ಕೈದಿಗಳು ಒಬ್ಬೊಬ್ಬರಾಗಿ ಎಸ್.ಎಸ್. ಅಧಿಕಾರಿಯ ಮುಂದೆ ಓಡಿಬಂದು ತಮ್ಮ ಚೀಟಿ ಕೊಡಬೇಕು. ಅವನು ಕಣ್ಣಾಡಿಸುವಷ್ಟರಲ್ಲಿ ಯಾರು ಇರಬೇಕು, ಯಾರು ಗ್ಯಾಸಿಗೆ ಎಂದು ತೀರ್ಮಾನ. ಆ ರಾತ್ರಿ ಕೂನ್ ಎಂಬ ಮುದುಕ ತನ್ನ ಮಂಚದ ಮೇಲೆ ಕೂತು, ಟೋಪಿ ಹಾಕಿಕೊಂಡು, ಮೈ ತೂಗುತ್ತ ಗಟ್ಟಿಯಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾನೆ, ತನ್ನನ್ನು ಆರಿಸಲಿಲ್ಲವೆಂದು. ಪಕ್ಕದ ಮಂಚದಲ್ಲಿ ಇಪ್ಪತ್ತು ವರ್ಷದ ಗ್ರೀಕ್ ಹುಡುಗ ಬೆಪ್ಪೊ ದೀಪವನ್ನೇ ನೋಡುತ್ತ ಮಲಗಿದ್ದಾನೆ. ಅವನನ್ನು ಆರಿಸಿಯಾಗಿದೆ, ಅದು ಅವನಿಗೆ ಗೊತ್ತು. ಇಡೀ ಪುಸ್ತಕದಲ್ಲಿ ದನಿ ಏರಿಸದ ಲೆವಿ ಇಲ್ಲಿ ಸಿಡಿಯುತ್ತಾನೆ. ದೇವರೆಂಬವನಿದ್ದರೆ ಆ ಪ್ರಾರ್ಥನೆ ಅವನಿಗೂ ಹೇಸಿಗೆ ತರಬೇಕು ಎಂಬ ಅರ್ಥದ ಮಾತನ್ನಾಡುತ್ತಾನೆ.

ನನಗೆ ಮೈ ಉರಿಯಿತು. ಯಾಕೆಂದರೆ ಆ ಪುಟ ಓದುವುದಕ್ಕೆ ಎರಡು ತಿಂಗಳ ಹಿಂದೆ ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ. ಮನೆಯವರಿಗೆ ಆಕ್ಸಿಜನ್ ಮಂಚ ಸಿಕ್ಕಿತ್ತು. ನಾಲ್ಕನೆಯ ದಿನ ಡಾಕ್ಟರು ಹೊರಬಂದು, ‘ಇನ್ನೇನು ಭಯವಿಲ್ಲ’ ಅಂದರು. ನಾನು ಅಲ್ಲಿಯೇ ಎರಡೂ ಕೈ ಎತ್ತಿ, ‘ತಾಯಿ ಹುಲಿಗೆಮ್ಮ, ಕಾಪಾಡಿದಿ’ ಎಂದು ಗಟ್ಟಿಯಾಗಿ ಕೂಗಿದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬಳು ಕೂತಿದ್ದಳು, ಮೂವತ್ತು ದಾಟಿರಲಿಲ್ಲ. ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ಗಂಜಿಯ ಡಬ್ಬಿ. ಆ ಬೆಳಗಿನ ಜಾವ ಅವಳ ಗಂಡ ಹೋಗಿದ್ದ. ಡಬ್ಬಿಯನ್ನು ಏನು ಮಾಡಬೇಕೆಂದು ಗೊತ್ತಾಗದೆ ಹಿಡಿದುಕೊಂಡೇ ಇದ್ದಳು. ನಾನು ಕೂಗಿದಾಗ ಅವಳು ನನ್ನ ಕಡೆ ನೋಡಿದಳೋ ಇಲ್ಲವೋ, ನಾನಂತೂ ಅವಳ ಕಡೆ ನೋಡಲಿಲ್ಲ. ಮುಖ ನೆನಪಿಲ್ಲ. ಡಬ್ಬಿ ನೆನಪಿದೆ.

ಮೊದಲು ನಾನು ಕೂನ್‌ನ ಪರವಾಗಿ ಲೆವಿಯ ಜತೆ ಜಗಳವಾಡಿದೆ. ಮುದುಕ, ಹಸಿದವನು, ಹೆದರಿದವನು. ಬದುಕಿದ್ದೇನೆ ಎಂದು ಗೊತ್ತಾದ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಪ್ರಾರ್ಥನೆ. ಕೊಲ್ಲುವವರ ಬಗ್ಗೆ ಇಷ್ಟು ಸಮಾಧಾನದಿಂದ ಬರೆಯುವ ನೀನು ಈ ಬಡಪಾಯಿಯ ಮೇಲೆ ಯಾಕೆ ಹರಿಹಾಯುತ್ತೀ? ನಿನಗೆ ದೇವರಲ್ಲಿ ನಂಬಿಕೆಯಿಲ್ಲ, ಸರಿ, ನಂಬಿಕೆಯಿದ್ದವನ ಕಷ್ಟ ನಿನಗೇನು ಗೊತ್ತು? ಹೀಗೆ. ಮನೆಯವರು ಮಲಗಿದಲ್ಲಿಂದಲೇ, ‘ಯಾರ ಜೋಡಿ ಜಗಳ ನಡಸೀ?’ ಎಂದು ಕೇಳಿದರು.

ಆಮೇಲೆ 1986ರ ಪುಸ್ತಕ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. ಅದೇ 1944ರ ಅಕ್ಟೋಬರ್, ಆಯ್ಕೆಯ ಸಾಲು. ತನ್ನ ಸರದಿಗಾಗಿ ಬೆತ್ತಲೆ ನಿಂತ ಲೆವಿಗೆ ಒಂದು ಗಳಿಗೆ ದೇವರನ್ನು ಬೇಡಬೇಕು ಎನಿಸಿತಂತೆ. ಬೇಡಲಿಲ್ಲ. ಸೋಲುವ ಹೊತ್ತಿನಲ್ಲಿ ಆಟದ ನಿಯಮ ಬದಲಿಸುವುದು ಸರಿಯಲ್ಲ, ನಂಬದವನು ಹಾಗೆ ಬೇಡುವುದು ನಾಚಿಕೆಗೇಡು ಎಂದು ತಡೆದುಕೊಂಡ. ಇದನ್ನು ಮೊದಲ ಪುಸ್ತಕದಲ್ಲಿ ಅವನು ಹೇಳಿಯೇ ಇಲ್ಲ. ನಲವತ್ತು ವರ್ಷ ಸುಮ್ಮನಿದ್ದು ಹೇಳಿದ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕೂನ್‌ನ ಮೇಲಿನ ಸಿಟ್ಟಿಗೆ ಬೇರೆ ಬಣ್ಣ ಬರುತ್ತದೆ. ತಾನು ನುಂಗಿಕೊಂಡ ಪ್ರಾರ್ಥನೆಯನ್ನು ಇನ್ನೊಬ್ಬ ಗಟ್ಟಿಯಾಗಿ ಆಡುವುದನ್ನು ಅವನು ಕೇಳಿದ್ದ. ಅದಕ್ಕಿಂತ ಹೆಚ್ಚಾಗಿ, ನಾನು ಮೊದಲ ಸಲ ಸರಿಯಾಗಿ ಓದಿರಲಿಲ್ಲ. ಬದುಕಿದ್ದಕ್ಕೆ ಸಂತೋಷಪಟ್ಟದ್ದು ಕೂನ್‌ನ ತಪ್ಪಾಗಿರಲಿಲ್ಲ. ಬೆಪ್ಪೊ ಪಕ್ಕದಲ್ಲೇ ಇದ್ದ, ಮತ್ತು ಅವನು ನೋಡಲಿಲ್ಲ.

ನಾನು ಹುಲಿಗೆಮ್ಮನ ಹರಕೆ ತೀರಿಸಿದೆ, ಆ ವರ್ಷದ ಕೊನೆಗೆ ಹುಲಿಗಿಗೆ ಹೋಗಿ ಉಡಿ ತುಂಬಿ ಬಂದೆ. ದೇವರನ್ನು ಬಿಟ್ಟಿಲ್ಲ, ಬಿಡುವ ವಯಸ್ಸೂ ಇದಲ್ಲ. ಲೆವಿ ಇದನ್ನು ಒಪ್ಪುತ್ತಿರಲಿಲ್ಲ, ನಾವಿಬ್ಬರೂ ಆ ವಿಷಯದಲ್ಲಿ ರಾಜಿಯಾಗಿಲ್ಲ. ಆದರೆ ಗುಡಿಯಲ್ಲಿ ಬಾಯಿಬಿಟ್ಟು ಏನೂ ಬೇಡಲಾಗಲಿಲ್ಲ.

ಈ ಪುಸ್ತಕಕ್ಕೂ ಮೊದಲು ಕೇಳುವವರಿರಲಿಲ್ಲ. ಎಯ್ನಾವ್ಡಿ ಎಂಬ ದೊಡ್ಡ ಪ್ರಕಾಶಕರು ಬೇಡವೆಂದರು. 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು 2500 ಪ್ರತಿ ಹಾಕಿದರು, ಅವೂ ಪೂರ್ತಿ ಖರ್ಚಾಗಲಿಲ್ಲ. ಯುದ್ಧ ಮುಗಿದು ಎರಡೇ ವರ್ಷ, ಜನಕ್ಕೆ ಮರೆಯುವ ಆತುರ. 1958ರಲ್ಲಿ ಅದೇ ದೊಡ್ಡ ಪ್ರಕಾಶಕರು ಮತ್ತೆ ಅಚ್ಚು ಹಾಕಿದ ಮೇಲೆಯೇ ಅದು ನಡೆದದ್ದು.

ಶಾಲೆ ತೆರೆದ ಮೇಲೆ ಹತ್ತನೇ ತರಗತಿಗೆ ಮತ್ತೆ ಆ ಪಾಠ ಬಂತು. ಪಠ್ಯದಲ್ಲಿಲ್ಲದ್ದನ್ನು ಹೇಳಿದರೆ ಪೋರ್ಷನ್ ಮುಗಿಯುವುದಿಲ್ಲ ಎಂಬ ಭಯ ನನಗೆ ಯಾವಾಗಲೂ ಇದೆ. ಆ ದಿನ ಅರವತ್ತು ಲಕ್ಷ ಎಂದು ಬರೆದು, ಆಮೇಲೆ ಚಾಕ್ ಪೀಸು ಕೆಳಗಿಟ್ಟು ಫೊಸ್ಸೊಲಿಯ ಕೊನೆಯ ರಾತ್ರಿಯ ವಿಷಯ ಹೇಳಿದೆ. ಮರುದಿನ ಎಲ್ಲರನ್ನೂ ಒಯ್ಯುತ್ತಾರೆ ಎಂದು ಗೊತ್ತಾದ ಮೇಲೆ ಅಲ್ಲಿದ್ದ ತಾಯಂದಿರು ರಾತ್ರಿಯಿಡೀ ಎಚ್ಚರವಿದ್ದು ಪ್ರಯಾಣಕ್ಕೆ ಬುತ್ತಿ ಕಟ್ಟಿದರು, ಮಕ್ಕಳಿಗೆ ಸ್ನಾನ ಮಾಡಿಸಿದರು, ಗಂಟು ಕಟ್ಟಿದರು. ಬೆಳಗಾಗುವ ಹೊತ್ತಿಗೆ ಶಿಬಿರದ ಮುಳ್ಳುತಂತಿಯ ಬೇಲಿಯ ತುಂಬ ಮಕ್ಕಳ ಒಗೆದ ಬಟ್ಟೆಗಳು ಒಣಗಲು ಹರವಿದ್ದವು. ರೈಲಿನಲ್ಲಿ ಎಮಿಲಿಯಾ ಎಂಬ ಪುಟ್ಟ ಹುಡುಗಿಗೆ ಅಪ್ಪ ಅಮ್ಮ ತಗಡಿನ ತೊಟ್ಟಿಯಲ್ಲಿ ಎರೆದದ್ದನ್ನೂ ಹೇಳಿದೆ, ಬಿಸಿನೀರು ಇಂಜಿನ್ನಿನಿಂದ, ಕೊಟ್ಟವನು ಜರ್ಮನ್ ಡ್ರೈವರು. ರೈಲು ಇಳಿದ ರಾತ್ರಿಯೇ ಅವಳು ಸತ್ತದ್ದನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಪೆನ್ನಿನಲ್ಲಿ ಬಿಡಿಸಿದ ಹಿಟ್ಲರನ ಮೀಸೆ ಇತ್ತು. ಅವನು ಅದರ ಮೇಲೆ ಅಂಗೈ ಇಟ್ಟುಕೊಂಡ. ನಾನು ಕಂಡರೂ ಕಾಣದಂತಿದ್ದೆ.

ಸೂಜಿ ಬಿದ್ದರೂ ಕೇಳುವಷ್ಟು ಮೌನ. ಪ್ರಶ್ನೆ ಇದ್ದರೆ ಕೇಳಿ ಎಂದೆ. ಬಹಳ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಎರಡನೇ ಸಾಲಿನ ಹುಡುಗಿ ಎದ್ದಳು, ಮೂರು ಜನ ತಮ್ಮ ತಂಗಿಯರ ಬಟ್ಟೆ ಒಗೆದು ಶಾಲೆಗೆ ಬರುವವಳು, ಹಾಜರಿಯಲ್ಲಿ ಇಪ್ಪತ್ತಮೂರು.

‘ಆ ಬಟ್ಟಿ ಒಣಗಿದ್ವೇನ್ರಿ ಟೀಚರ್, ಅವರು ಹೋಗೂದ್ರೊಳಗ?’

ಫೆಬ್ರವರಿ ತಿಂಗಳು, ಇಟಲಿಯ ಉತ್ತರ ಭಾಗ, ಅಲ್ಲಿ ಆಗ ಚಳಿಗಾಲ, ಎಂದೆ. ಅದು ಪುಸ್ತಕದಲ್ಲಿ ಇಲ್ಲ, ಎಂದೆ. ಅವಳ ಹೆಸರು ಹಿಡಿದು, ಕೂತುಕೋ ಎಂದೆ. ಅವಳು ಇನ್ನೂ ನಿಂತೇ ಇದ್ದಳು, ಗಂಟೆ ಹೊಡೆಯಿತು.